ಬಿಲ್ಡ್‌ಗೆ ಕೈ ಹಾಕುವ ಪ್ಯಾಕೇಜಿಗೆ ಇಂಟಿಗ್ರೇಷನ್ ಟೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಸಣ್ಣ ತಂಡ, ಮಣಿಪಾಲದಲ್ಲಿ ಇನ್ನೊಂದು. ಎರಡೂ ಕಡೆಯವರು ಬಳಸುವ ಒಂದು ನ್ಯೂಗೆಟ್ (ಮೈಕ್ರೋಸಾಫ್ಟಿನ ಡಾಟ್‌ನೆಟ್ ಲೋಕದಲ್ಲಿ ಕೋಡ್ ಹಂಚುವ ವ್ಯವಸ್ಥೆ) ಪ್ಯಾಕೇಜನ್ನು ನೋಡಿಕೊಳ್ಳುವ ಕೆಲಸ ನನ್ನದು. ಸಹಕಾರಿ ಸಂಘಗಳಿಗೆ ನಾವು ಮಾಡಿಕೊಡುವ ತಂತ್ರಾಂಶದ ಕನ್ನಡ, ತುಳು, ಕೊಂಕಣಿ ಪದಗಳೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿರುತ್ತವೆ. ಬಿಲ್ಡ್ ಆಗುವಾಗ, ಅಂದರೆ ಬರೆದ ಕೋಡ್ ಓಡಿಸಬಹುದಾದ ಪ್ರೋಗ್ರಾಂ ಆಗುವಾಗ, ಈ ಪ್ಯಾಕೇಜ್ ಆ ಪಟ್ಟಿಯನ್ನು ಓದಿ ರಿಸೋರ್ಸ್ ಫೈಲ್‌ಗಳನ್ನೂ ಒಂದು ಸಿ ಶಾರ್ಪ್ ಫೈಲನ್ನೂ ಹುಟ್ಟಿಸುತ್ತದೆ. ಇದಕ್ಕೆ ಇಂಟಿಗ್ರೇಷನ್ ಟೆಸ್ಟ್ (ಎಲ್ಲ ಭಾಗಗಳೂ ಒಟ್ಟಿಗೆ ಸರಿಯಾಗಿ ನಡೆಯುತ್ತವಾ ಎಂದು ನೋಡುವ ಪರೀಕ್ಷೆ) ಬರೆಯುವುದು ಹೇಗೆ ಎಂದು ಸುರತ್ಕಲ್, ನಿಟ್ಟೆ, ಅಡ್ಯಾರ್ ಕಡೆಯ ಕಾಲೇಜುಗಳಿಂದ ಇಂಟರ್ನ್‌ಶಿಪ್‌ಗೆ ಬರುವವರೂ ಕೇಳುತ್ತಾರೆ, ಹತ್ತು ವರ್ಷ ಕೋಡ್ ಬರೆದವರೂ ಕೇಳುತ್ತಾರೆ. ಪ್ರತಿ ಸಲ ಹೇಳಿ ಹೇಳಿ ಚಹಾ ತಣ್ಣಗಾಗುವುದಕ್ಕಿಂತ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಬಿಲ್ಡ್‌ಗೆ ಕೈ ಹಾಕುವ ಪ್ಯಾಕೇಜ್ ಅಂದರೆ ಎಂತದು?

ಸಾಧಾರಣ ಪ್ಯಾಕೇಜ್ ನಿಮ್ಮ ಪ್ರೋಗ್ರಾಂ ಓಡುವಾಗ ಕೆಲಸಕ್ಕೆ ಬರುತ್ತದೆ. ಈ ಜಾತಿಯದ್ದು ಪ್ರೋಗ್ರಾಂ ತಯಾರಾಗುವಾಗಲೇ ನಡುವೆ ಬಂದು ಏನಾದರೂ ಮಾಡುತ್ತದೆ. ಕೋಡ್ ಹುಟ್ಟಿಸುತ್ತದೆ, ಫೈಲ್ ನಕಲು ಮಾಡುತ್ತದೆ, ನಿಯಮ ಮುರಿದರೆ ಬಿಲ್ಡನ್ನೇ ನಿಲ್ಲಿಸುತ್ತದೆ. ನ್ಯೂಗೆಟ್‌ನಲ್ಲಿ ಇದರ ಗುಟ್ಟು ಸರಳ. ಪ್ಯಾಕೇಜಿನೊಳಗೆ ಬಿಲ್ಡ್ ಎಂಬ ಫೋಲ್ಡರ್ ಇರಬೇಕು. ಅದರಲ್ಲಿ ಪ್ಯಾಕೇಜಿನ ಹೆಸರಿನದೇ ಪ್ರಾಪ್ಸ್ ಫೈಲ್ (ಸೆಟ್ಟಿಂಗ್‌ಗಳು), ಟಾರ್ಗೆಟ್ಸ್ ಫೈಲ್ (ಟಾರ್ಗೆಟ್ ಅಂದರೆ ಬಿಲ್ಡ್‌ನ ಒಂದು ಹಂತ), ಇಲ್ಲವೇ ಎರಡೂ ಇರಬೇಕು. ರಿಸ್ಟೋರ್ ಆಗುವಾಗ, ಅಂದರೆ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜ್‌ಗಳನ್ನು ತರಿಸುವಾಗ, ನ್ಯೂಗೆಟ್ ಇವುಗಳ ದಾರಿಯನ್ನು ಒಬ್ಜ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಬರೆದಿಡುತ್ತದೆ, ಆಮೇಲೆ ಬಿಲ್ಡ್ ನಡೆಸುವ ಎಂಜಿನ್ ಆದ ಎಂಎಸ್‌ಬಿಲ್ಡ್ ಅವನ್ನು ತಾನಾಗಿ ಎಳೆದುಕೊಳ್ಳುತ್ತದೆ.

ಪ್ರಾಪ್ಸ್ ಬರುವುದು ಪ್ರಾಜೆಕ್ಟ್ ಫೈಲಿಗಿಂತ ಮೊದಲು, ಟಾರ್ಗೆಟ್ಸ್ ಬರುವುದು ಅದರ ನಂತರ. ಈ ಕ್ರಮ ನೆನಪಿಟ್ಟುಕೊಳ್ಳಿ, ಅರ್ಧ ಬಗ್‌ಗಳು ಇಲ್ಲಿಯೇ ಹುಟ್ಟುವುದು. ಬಳಸುವವರು ತಮ್ಮ ಪ್ರಾಜೆಕ್ಟ್ ಫೈಲಿನಲ್ಲಿ “ತುಳು ಬೇಡ” ಎಂದು ಬರೆದಿದ್ದರೆ ನಿಮ್ಮ ಪ್ರಾಪ್ಸ್ ಫೈಲಿಗೆ ಅದು ಕಾಣುವುದೇ ಇಲ್ಲ, ಅವರು ಆ ಮಾತು ಹೇಳುವ ಮೊದಲೇ ಅದು ಓದಿ ಮುಗಿದಿರುತ್ತದೆ.

ಟಾಸ್ಕ್ ಕ್ಲಾಸಿಗೆ ಯೂನಿಟ್ ಟೆಸ್ಟ್ ಉಂಟಲ್ಲ. ಸಾಲದಾ?

ಬೇಕು, ಸಾಲದು. ಟಾಸ್ಕ್ ಅಂದರೆ ಟಾರ್ಗೆಟ್ ಕರೆಯುವ ನಮ್ಮ ಕೋಡ್, ಯೂನಿಟ್ ಟೆಸ್ಟ್ ಅಂದರೆ ಅದೊಂದನ್ನೇ ಬೇರೆ ಮಾಡಿ ನೋಡುವ ಪರೀಕ್ಷೆ. ಸಿಎಸ್‌ವಿ ಓದುವ ಕೋಡ್ ಸರಿ ಉಂಟಾ ಎಂದು ಯೂನಿಟ್ ಟೆಸ್ಟ್ ಹೇಳುತ್ತದೆ. ಆ ಕೋಡನ್ನು ಯಾರಾದರೂ ಕರೆಯುತ್ತಾರಾ ಎಂದು ಹೇಳುವುದಿಲ್ಲ. ಕೋಡ್ ಕಂಪೈಲ್ ಆಗುವ ಮೊದಲೇ ನಮ್ಮ ಟಾರ್ಗೆಟ್ ಓಡಿತಾ, ಹುಟ್ಟಿಸಿದ ಫೈಲ್ ಕಂಪೈಲರಿನ ಪಟ್ಟಿಗೆ ಸೇರಿತಾ, ಡಿಎಲ್‌ಎಲ್ (ಕಂಪೈಲ್ ಆದ ಕೋಡಿನ ಫೈಲ್) ಹುಡುಕಲು ಹೋದ ಜಾಗದಲ್ಲಿ ಇತ್ತಾ, ಇದೆಲ್ಲ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದ ವಿಷಯ. ಅದಕ್ಕೆ ಯೂನಿಟ್ ಟೆಸ್ಟ್ ತಲುಪುವುದಿಲ್ಲ.

ಅದೇ ಸೊಲ್ಯೂಷನ್‌ನಲ್ಲಿ ಒಂದು ಸ್ಯಾಂಪಲ್ ಪ್ರಾಜೆಕ್ಟ್ ಇಟ್ಟು, ಪ್ರಾಜೆಕ್ಟ್ ರೆಫರೆನ್ಸ್ ಕೊಟ್ಟು ಬಿಲ್ಡ್ ಮಾಡಿದರೆ?

ಎಲ್ಲರೂ ಮೊದಲು ಹಿಡಿಯುವ ದಾರಿ ಇದು, ನಾನೂ ಹಿಡಿದಿದ್ದೆ. ಆದರೆ ಪ್ರಾಜೆಕ್ಟ್ ರೆಫರೆನ್ಸ್ ಮೂಲಕ ಬಿಲ್ಡ್ ಫೋಲ್ಡರಿನ ಫೈಲ್‌ಗಳು ಬರುವುದಿಲ್ಲ, ಅವನ್ನು ಕೈಯಿಂದ ಇಂಪೋರ್ಟ್ ಮಾಡಬೇಕು. ಮಾಡಿದಿರಿ ಅಂತಿಟ್ಟುಕೊಳ್ಳಿ. ಆಗ ನೀವು ಪರೀಕ್ಷೆ ಮಾಡಿದ್ದು ನಿಮ್ಮ ಕೈಬರಹದ ಇಂಪೋರ್ಟನ್ನು, ಬಳಸುವವರ ಮನೆ ತಲುಪುವ ಪ್ಯಾಕೇಜನ್ನು ಮುಟ್ಟಿಯೇ ಇಲ್ಲ.

ಇದರಲ್ಲಿ ಒಂದು ಹೊಂಡ ಉಂಟು, ಬಿದ್ದೇ ಕಲಿತದ್ದು. ನಮ್ಮ ಟಾಸ್ಕ್ ಒಂದು ಸಿಎಸ್‌ವಿ ಲೈಬ್ರರಿಯನ್ನು ನಂಬಿಕೊಂಡಿತ್ತು. ಸ್ಯಾಂಪಲ್ ಪ್ರಾಜೆಕ್ಟಿನಲ್ಲಿ ಎಲ್ಲ ಚಂದ, ಯಾಕೆಂದರೆ ಆ ಲೈಬ್ರರಿಯ ಡಿಎಲ್‌ಎಲ್ ಪಕ್ಕದ ಬಿನ್ ಫೋಲ್ಡರಿನಲ್ಲಿ ಹೇಗೋ ಬಂದು ಕೂತಿತ್ತು. ಪ್ಯಾಕೇಜ್ ಮಣಿಪಾಲಕ್ಕೆ ಹೋಯಿತು. ಅಲ್ಲಿ ಎಂಎಸ್‌ಬಿ 4062 ಎಂಬ ದೋಷ: ಟಾಸ್ಕನ್ನು ತೆರೆಯಲು ಆಗಲಿಲ್ಲ. ಬಿಲ್ಡ್ ಸಮಯದ ಟಾಸ್ಕಿಗೆ ಬೇಕಾದ ಡಿಎಲ್‌ಎಲ್‌ಗಳನ್ನು ನ್ಯೂಗೆಟ್ ಹುಡುಕಿ ತಂದುಕೊಡುವುದಿಲ್ಲ. ಟಾಸ್ಕಿನ ಪಕ್ಕದಲ್ಲೇ, ಪ್ಯಾಕೇಜಿನ ಒಳಗೇ, ನಾವೇ ತುಂಬಿಸಿ ಕಳುಹಿಸಬೇಕು.

ನಮ್ಮಲ್ಲೊಬ್ಬನ ಅಪ್ಪ ಯಕ್ಷಗಾನ ಮೇಳದಲ್ಲಿ ವೇಷಧಾರಿ. ಈ ಕತೆ ಕೇಳಿ ಅವನು ಹೇಳಿದ್ದು: “ಪೆಟ್ಟಿಗೆಗೆ ಹಾಕದ ಕಿರೀಟ ಮನೆಯಲ್ಲಿ ಎಷ್ಟು ಚಂದ ಇದ್ದರೆ ಎಂತ ಸಾರ್ ಪ್ರಯೋಜನ, ಆಟ ಇರುವುದು ಕಾರ್ಕಳದಲ್ಲಿ.” ಈಗ ನಮ್ಮಲ್ಲಿ ಮರೆತುಹೋದ ಫೈಲಿಗೆ ಕಿರೀಟ ಅಂತಲೇ ಹೆಸರು.

ಹಾಗಾದರೆ ಒಂದು ಟೆಸ್ಟ್ ಹೇಗಿರಬೇಕು?

ನಿಮ್ಮನ್ನು ಕಂಡು ಕೇಳಿ ಗೊತ್ತಿಲ್ಲದ ಒಬ್ಬರು ಪ್ಯಾಕೇಜನ್ನು ಹೇಗೆ ಬಳಸುತ್ತಾರೋ ಹಾಗೆಯೇ ಟೆಸ್ಟ್ ಕೂಡ ಬಳಸಬೇಕು. ಮೊದಲು ಪ್ಯಾಕ್ ಕಮಾಂಡ್ ಕೊಟ್ಟು ನಿಜವಾದ ಪ್ಯಾಕೇಜ್ ಫೈಲ್ ಮಾಡಿಸಿ. ಅದನ್ನು ಒಂದು ಖಾಲಿ ಫೋಲ್ಡರಿಗೆ ಹಾಕಿ. ನ್ಯೂಗೆಟ್‌ಗೆ ಸರ್ವರೇ ಬೇಕೆಂದಿಲ್ಲ, ಸಾದಾ ಫೋಲ್ಡರನ್ನೂ ಪ್ಯಾಕೇಜ್ ಮೂಲವಾಗಿ ಒಪ್ಪುತ್ತದೆ. ನಂತರ ಸಿಸ್ಟಮ್ಮಿನ ಟೆಂಪ್ ಜಾಗದಲ್ಲಿ ಹೊಸ ಫೋಲ್ಡರ್ ಮಾಡಿ, ಅಲ್ಲಿ ಏಳೆಂಟು ಸಾಲಿನ ಪ್ರಾಜೆಕ್ಟ್ ಫೈಲ್, ಒಂದು ಸಣ್ಣ ಕೋಡ್ ಫೈಲ್, ಒಂದು ಸಿಎಸ್‌ವಿ, ಒಂದು ನ್ಯೂಗೆಟ್ ಕಾನ್ಫಿಗ್ ಬರೆಯಿರಿ. ಕಾನ್ಫಿಗ್‌ನ ಮೂಲಗಳ ಪಟ್ಟಿಯಲ್ಲಿ ಮೊದಲ ಸಾಲೇ “ಕ್ಲಿಯರ್” ಇರಲಿ. ಇಲ್ಲದಿದ್ದರೆ ಬಳಕೆದಾರರ ಯಂತ್ರದ ಮೂಲಗಳೆಲ್ಲ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಡಾಟ್‌ನೆಟ್ ಬಿಲ್ಡ್ ಅನ್ನು ಬೇರೆಯೇ ಪ್ರೊಸೆಸ್ ಆಗಿ ಓಡಿಸಿ, ಬಂದ ಫಲ ನೋಡಿ.

ಈ ಸಣ್ಣ ಪ್ರಾಜೆಕ್ಟ್‌ಗಳನ್ನು ಫೈಲ್‌ಗಳಾಗಿ ಇಡಬೇಕಾ, ಟೆಸ್ಟ್ ಕೋಡಿನೊಳಗೆ ಅಕ್ಷರಮಾಲೆಯಾಗಿ ಬರೆಯಬೇಕಾ ಎಂದು ನಮ್ಮಲ್ಲಿ ಜಗಳವೇ ಆಗಿದೆ. ನಾನು ಎರಡನೆಯ ಪಕ್ಷ. ಟೆಸ್ಟ್ ಫೇಲ್ ಆದಾಗ ಯಾವ ಪ್ರಾಜೆಕ್ಟ್ ಫೈಲಿಗೆ ಫೇಲ್ ಆಯಿತು ಎಂದು ಅದೇ ಪುಟದಲ್ಲಿ ಕಾಣಬೇಕು.

ರಿಸ್ಟೋರ್ ಮತ್ತು ಬಿಲ್ಡನ್ನು ಒಂದೇ ಎಂಎಸ್‌ಬಿಲ್ಡ್ ಕರೆಯಲ್ಲಿ ಎರಡು ಟಾರ್ಗೆಟ್‌ಗಳಾಗಿ ಪೋಣಿಸಬೇಡಿ. ಹಾಗೆ ಮಾಡಿದರೆ ಪ್ರಾಜೆಕ್ಟನ್ನು ಒಮ್ಮೆಯೇ ಓದಲಾಗುತ್ತದೆ, ಆ ಹೊತ್ತಿಗೆ ಒಬ್ಜ್ ಫೋಲ್ಡರಿನ ಫೈಲ್ ಇನ್ನೂ ಹುಟ್ಟಿರುವುದಿಲ್ಲ. ನಿಮ್ಮ ಟಾರ್ಗೆಟ್ ಬರುವುದೇ ಇಲ್ಲ, ಬಿಲ್ಡ್ ಮಾತ್ರ ಪಾಸ್. ರಿಸ್ಟೋರ್ ಎಂಬ ಸ್ವಿಚ್ ಬೇರೆಯೇ ಉಂಟು, ಅದು ರಿಸ್ಟೋರ್ ಆದ ಮೇಲೆ ಮತ್ತೆ ಓದಿಸುತ್ತದೆ. ಡಾಟ್‌ನೆಟ್ ಬಿಲ್ಡ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಕೋಡ್ ಬದಲಿಸಿದೆ, ಆದರೂ ಟೆಸ್ಟ್ ಹಳೆಯದನ್ನೇ ತೋರಿಸುತ್ತಿದೆ. ಮಂಡೆಬಿಸಿ!

ನನ್ನ ಎರಡು ದಿನ ಇದರಲ್ಲಿಯೇ ಹೋದದ್ದುಂಟು. ಟಾರ್ಗೆಟ್ಸ್ ಫೈಲಿನಲ್ಲಿ ಬೇಕೆಂದೇ ತಪ್ಪು ಬರೆದೆ, ಟೆಸ್ಟ್ ಪಾಸ್. ಫೈಲನ್ನೇ ಖಾಲಿ ಮಾಡಿದೆ, ಆಗಲೂ ಪಾಸ್. ಮೂರನೇ ಸಲ ಪಾಸಾದಾಗ ಯಂತ್ರಕ್ಕೆ ಏನೋ ಮೆಟ್ಟಿಕೊಂಡಿದೆ ಅನ್ನಿಸಿತು.

ಕಾರಣ ನ್ಯೂಗೆಟ್‌ನ ಜಾಗತಿಕ ಪ್ಯಾಕೇಜ್ ಫೋಲ್ಡರ್. ಬಳಕೆದಾರರ ಹೋಮ್‌ನಲ್ಲಿ, ಡಾಟ್ ನ್ಯೂಗೆಟ್ ಎಂಬುದರ ಒಳಗೆ ಪ್ಯಾಕೇಜಸ್ ಎಂದು ಇರುತ್ತದೆ. ಒಂದು ಹೆಸರು, ಒಂದು ಆವೃತ್ತಿ ಅಲ್ಲಿಗೆ ಒಮ್ಮೆ ಬಂದು ಬಿಚ್ಚಿಕೊಂಡರೆ ಮುಗಿಯಿತು. ಅದೇ ಆವೃತ್ತಿಯನ್ನು ಮತ್ತೆ ಕೇಳಿದಾಗ ನ್ಯೂಗೆಟ್ ಮೂಲಕ್ಕೆ ಹೋಗುವುದಿಲ್ಲ, ಅಲ್ಲಿರುವುದನ್ನೇ ಕೊಡುತ್ತದೆ. ಪ್ರಕಟವಾದ ಆವೃತ್ತಿ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಅದು, ತಪ್ಪು ಅದರದ್ದಲ್ಲ. ನಾನು ಪ್ರತಿ ಸಲ 1.0.0 ಎಂದೇ ಪ್ಯಾಕ್ ಮಾಡುತ್ತಿದ್ದೆ.

ಪರಿಹಾರ ಎರಡು. ಪ್ರತಿ ಓಟಕ್ಕೆ ಹೊಸ ಆವೃತ್ತಿ ಕೊಡಿ, 1.0.0 ನಂತರ ಅಡ್ಡಗೆರೆ ಹಾಕಿ ಟೆಸ್ಟ್ ಎಂದೂ ಗಡಿಯಾರದ ಸಂಖ್ಯೆಯನ್ನೂ ಸೇರಿಸಿದರೆ ಆಯಿತು. ಇಲ್ಲವೇ ನ್ಯೂಗೆಟ್ ಪ್ಯಾಕೇಜಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ಲಿನಿಂದ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಆ ಫೋಲ್ಡರನ್ನೇ ಟೆಂಪ್ ಜಾಗಕ್ಕೆ ತಿರುಗಿಸಿ. ನಾವು ಎರಡನ್ನೂ ಮಾಡುತ್ತೇವೆ. ಹೊಸ ಆವೃತ್ತಿ ಮಾತ್ರ ಕೊಟ್ಟರೆ ಹೋಮ್ ಫೋಲ್ಡರಿನಲ್ಲಿ ದಿನಕ್ಕೆ ನಲವತ್ತು ಸತ್ತ ಆವೃತ್ತಿಗಳು ಗುಡ್ಡೆ ಬೀಳುತ್ತವೆ. ಫೋಲ್ಡರನ್ನು ಒಂದೊಂದು ಟೆಸ್ಟಿಗೂ ಬೇರೆ ಮಾಡಿದರೆ ಎಲ್ಲವನ್ನೂ ಮತ್ತೆ ಮತ್ತೆ ಇಳಿಸಿಕೊಳ್ಳಬೇಕು, ಹಾಗಾಗಿ ಇಡೀ ಓಟಕ್ಕೆ ಒಂದೇ ಫೋಲ್ಡರ್.

ಹೊಸದಾಗಿ ಟೆಸ್ಟ್ ಬರೆದವರಿಗೆ ನನ್ನದೊಂದು ಕಟ್ಟುನಿಟ್ಟು: ಟಾರ್ಗೆಟ್ಸ್ ಫೈಲನ್ನು ಒಮ್ಮೆ ಕೆಡಿಸಿ, ಟೆಸ್ಟ್ ಕೆಂಪಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡ್ ಸೇರಿಸಬೇಕು.

ಟೆಸ್ಟಿನ ಪ್ರಾಜೆಕ್ಟ್‌ಗಳನ್ನು ರೆಪೋದ (ನಮ್ಮ ಕೋಡ್ ಇಡುವ ಭಂಡಾರ) ಒಳಗೇ ಇಟ್ಟರೆ ಎಂತ ತೊಂದರೆ?

ಎಂಎಸ್‌ಬಿಲ್ಡ್‌ಗೆ ಮೇಲಕ್ಕೆ ಹತ್ತಿ ನೋಡುವ ಅಭ್ಯಾಸ ಉಂಟು. ಪ್ರಾಜೆಕ್ಟ್ ಇರುವ ಫೋಲ್ಡರಿನಿಂದ ಹೊರಟು, ಡೈರೆಕ್ಟರಿ ಡಾಟ್ ಬಿಲ್ಡ್ ಡಾಟ್ ಪ್ರಾಪ್ಸ್ ಎಂಬ ಫೈಲ್ ಸಿಗುವವರೆಗೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಅದೇ ಹೆಸರಿನ ಟಾರ್ಗೆಟ್ಸ್ ಫೈಲಿಗೂ, ಆವೃತ್ತಿಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿ ಡಾಟ್ ಪ್ಯಾಕೇಜಸ್ ಡಾಟ್ ಪ್ರಾಪ್ಸ್‌ಗೂ ಹೀಗೆಯೇ. ಗ್ಲೋಬಲ್ ಜೇಸನ್ (ಯಾವ ಡಾಟ್‌ನೆಟ್ ಆವೃತ್ತಿ ಬೇಕೆಂದು ಹೇಳುವ ಫೈಲ್) ಮತ್ತು ನ್ಯೂಗೆಟ್ ಕಾನ್ಫಿಗ್‌ಗಳನ್ನು ಹುಡುಕುವವರೂ ಮೇಲಕ್ಕೇ ಹತ್ತುತ್ತಾರೆ. ಟೆಸ್ಟಿನ ಪ್ರಾಜೆಕ್ಟ್ ನಿಮ್ಮ ರೆಪೋದೊಳಗೆ ಇದ್ದರೆ ನಿಮ್ಮ ಮನೆಯ ಸೆಟ್ಟಿಂಗ್ ಎಲ್ಲ ಅದಕ್ಕೂ ಅಂಟಿಕೊಳ್ಳುತ್ತದೆ. ನಮ್ಮ ರೆಪೋದಲ್ಲಿ ನಲ್ಲಬಲ್ (ಬೆಲೆ ಖಾಲಿ ಇರಬಹುದಾದ ಕಡೆ ಎಚ್ಚರಿಸುವ ಸೆಟ್ಟಿಂಗ್) ಚಾಲೂ ಇತ್ತು, ಎಚ್ಚರಿಕೆಗಳೆಲ್ಲ ದೋಷವಾಗುವಂತೆ ಇತ್ತು. ಬಳಸುವವರಲ್ಲಿ ಅರ್ಧ ಜನರಲ್ಲಿ ಎರಡೂ ಇರಲಿಲ್ಲ. ನಾವು ಹುಟ್ಟಿಸಿದ ಕೋಡ್ ನಮ್ಮಲ್ಲಿ ಶುದ್ಧ, ಅವರಲ್ಲಿ ಎಚ್ಚರಿಕೆಗಳ ಮಳೆ.

ಟೆಂಪ್ ಫೋಲ್ಡರಿಗೆ ಹೋಗಿ. ಹೋದ ಮೇಲೂ ಅಲ್ಲೊಂದು ಖಾಲಿ ಪ್ರಾಪ್ಸ್, ಖಾಲಿ ಟಾರ್ಗೆಟ್ಸ್ ಇಟ್ಟುಬಿಡಿ. ಹತ್ತುವವರು ಅಲ್ಲಿಗೇ ನಿಲ್ಲುತ್ತಾರೆ. ಮ್ಯಾಕ್‌ನವರಿಗೆ ಒಂದು ಮಾತು: ಅಲ್ಲಿಯ ವಾರ್ ಎಂಬ ದಾರಿ ನಿಜಕ್ಕೂ ಪ್ರೈವೇಟ್ ವಾರ್‌ಗೆ ಕೊಟ್ಟ ಸಿಂಬಾಲಿಕ್ ಲಿಂಕ್. ಟೆಂಪ್ ದಾರಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟ್ ಅಲ್ಲಿ ಸುಮ್ಮನೆ ಬೀಳುತ್ತದೆ.

ಕೈಯಿಂದ ಕಮಾಂಡ್ ಕೊಟ್ಟರೆ ಸರಿ, ಟೆಸ್ಟಿನ ಒಳಗಿಂದ ಓಡಿಸಿದರೆ ವಿಚಿತ್ರ ದೋಷ. ಯಾಕೆ?

ನಿಮ್ಮ ಟೆಸ್ಟ್ ಓಡುತ್ತಿರುವುದು ಡಾಟ್‌ನೆಟ್ ಟೆಸ್ಟ್‌ನ ಹೊಟ್ಟೆಯಲ್ಲಿ. ಅದು ತನ್ನ ಮಕ್ಕಳಿಗೆಂದು ಎಂಎಸ್‌ಬಿಲ್ಡ್ ಎಸ್‌ಡಿಕೆಸ್ ಪಾತ್, ಎಂಎಸ್‌ಬಿಲ್ಡ್ ಎಕ್ಸ್‌ಟೆನ್ಷನ್ಸ್ ಪಾತ್ ಮುಂತಾದ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳನ್ನು ಕಟ್ಟಿಕೊಡುತ್ತದೆ. ನೀವು ಒಳಗಿನಿಂದ ಇನ್ನೊಂದು ಬಿಲ್ಡ್ ಎಬ್ಬಿಸಿದರೆ ಅದಕ್ಕೂ ಈ ಗಂಟು ಹೋಗುತ್ತದೆ. ಹೊರಗೆ ಡಾಟ್‌ನೆಟ್ 9, ಟೆಸ್ಟ್ ಪ್ರಾಜೆಕ್ಟಿಗೆ ಗ್ಲೋಬಲ್ ಜೇಸನ್‌ನಲ್ಲಿ 8 ಎಂದು ಇದ್ದರಂತೂ ಒಂದರ ಎಂಜಿನ್‌ಗೆ ಇನ್ನೊಂದರ ದಾರಿ ಸಿಕ್ಕಿ ಗೊಂದಲ. ಮಗು ಪ್ರೊಸೆಸ್ ಎಬ್ಬಿಸುವ ಮೊದಲು ಎಂಎಸ್‌ಬಿಲ್ಡ್ ಎಂದು ಶುರುವಾಗುವವನ್ನೆಲ್ಲ ತೆಗೆದುಬಿಡಿ.

ಇನ್ನೂ ಒಂದು ಉಂಟು. ಎನ್ವಿರಾನ್‌ಮೆಂಟ್ ವೇರಿಯೇಬಲ್ ಯಾವುದೇ ಇರಲಿ, ಎಂಎಸ್‌ಬಿಲ್ಡ್ ಅದನ್ನು ಪ್ರಾಪರ್ಟಿ ಎಂದು ಓದುತ್ತದೆ. ಪ್ಲಾಟ್‌ಫಾರ್ಮ್ ಎಂಬ ವೇರಿಯೇಬಲ್ಲನ್ನು ತಯಾರಕರೇ ಮೊದಲಿಗೇ ಹಾಕಿ ಕೊಟ್ಟ ಲ್ಯಾಪ್‌ಟಾಪ್‌ಗಳಿವೆ, ಅಲ್ಲಿ ಬಿಲ್ಡ್‌ನ ಔಟ್‌ಪುಟ್ ನೀವು ಕನಸಿನಲ್ಲೂ ಕಾಣದ ಫೋಲ್ಡರಿಗೆ ಹೋಗುತ್ತದೆ. ಹಾಗಾಗಿ ನಿಮ್ಮ ಸ್ವಂತ ಪ್ರಾಪರ್ಟಿಗೆ ಲ್ಯಾಂಗ್ವೇಜ್, ಮೋಡ್ ಎಂಬಂಥ ಊರಿಗೊಂದು ಇರುವ ಹೆಸರಿಡಬೇಡಿ. ಮುಂದೆ ಪ್ಯಾಕೇಜಿನ ಹೆಸರನ್ನು ಸೇರಿಸಿ.

ಎಕ್ಸಿಟ್ ಕೋಡ್ ಸೊನ್ನೆ ಬಂತು. ಸಾಕಲ್ಲವಾ?

ಸೊನ್ನೆ ಅಂದರೆ ಬಿಲ್ಡ್ ಬೀಳಲಿಲ್ಲ ಎಂದಷ್ಟೇ. ನಿಮ್ಮ ಟಾರ್ಗೆಟ್ ಓಡದೇ ಇದ್ದರೂ ಸೊನ್ನೆಯೇ ಬರುತ್ತದೆ. ಪ್ಯಾಕೇಜ್ ಇಲ್ಲದಿದ್ದರೂ ಆ ಪ್ರಾಜೆಕ್ಟ್ ಬಿಲ್ಡ್ ಆಗುತ್ತಿತ್ತಲ್ಲ!

ಬಂದ ವಸ್ತುವನ್ನು ನೋಡಬೇಕು. ಹುಟ್ಟಿದ ಡಿಎಲ್‌ಎಲ್ ಅನ್ನು ತೆರೆದು, ಅದರಲ್ಲಿ ನಮ್ಮ ಕ್ಲಾಸ್ ಇದೆಯಾ ನೋಡಿ. ಇನ್ನೂ ಒಳ್ಳೆಯದು, ಆ ಸಣ್ಣ ಪ್ರೋಗ್ರಾಮನ್ನು ಓಡಿಸಿ ಅದು ಏನು ಹೇಳುತ್ತದೆ ಎಂದು ಕೇಳಿ. ನಮ್ಮ ಪ್ಯಾಕೇಜಿನಲ್ಲಿ ಭಾಷೆಗೊಂದು ಫೋಲ್ಡರ್ ಬರಬೇಕು: ಕನ್ನಡಕ್ಕೆ ಕೆಎನ್, ಕೊಂಕಣಿಗೆ ಕೆಒಕೆ, ತುಳುವಿಗೆ ಟಿಸಿವೈ. ರಿಸೋರ್ಸ್ ಫೈಲಿನ ಹೆಸರಿನ ನಡುವೆ ಇರುವ ಸಂಕೇತವನ್ನು ಎಂಎಸ್‌ಬಿಲ್ಡ್ ತನಗೆ ಗೊತ್ತಿದ್ದರೆ ಮಾತ್ರ ಭಾಷೆ ಎಂದು ಒಪ್ಪುತ್ತದೆ. ಗೊತ್ತಿಲ್ಲದಿದ್ದರೆ ಅದು ಬರೀ ಹೆಸರಿನ ಒಂದು ತುಂಡು ಎಂದುಕೊಂಡು ಮುಖ್ಯ ಡಿಎಲ್‌ಎಲ್‌ಗೇ ತುಂಬಿಸುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ, ತುಳು ಇಲ್ಲ ಅಷ್ಟೆ. ಆದ್ದರಿಂದ ಮೂರು ಫೋಲ್ಡರೂ ಇವೆಯಾ ಎಂದು ಎಣಿಸುವ ಟೆಸ್ಟ್ ನಮ್ಮಲ್ಲಿ ಮೊದಲನೆಯದು.

ಅಕ್ಷರಗಳ ವಿಷಯಕ್ಕೆ ಬಂದರೆ ಕಣ್ಣನ್ನು ನಂಬಬೇಡಿ. ಎಕ್ಸೆಲ್‌ನಿಂದ ಯುಟಿಎಫ್ 8 ಸಿಎಸ್‌ವಿ ಎಂದು ಉಳಿಸಿದರೆ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಾಣದ ಅಕ್ಷರ ಬರುತ್ತದೆ. ಅದನ್ನು ತೆಗೆಯಲೆಂದು ನಮ್ಮಲ್ಲೊಬ್ಬರು ಫೈಲ್ ಓದುವ ಜಾಗದಲ್ಲಿ “ಕಾಣದ ಅಕ್ಷರಗಳನ್ನೆಲ್ಲ ಅಳಿಸು” ಎಂದು ಬರೆದರು. ಯೂನಿಕೋಡಿನಲ್ಲಿ ಬಿಒಎಂ ಇರುವ ವರ್ಗದಲ್ಲೇ ಝೀರೋ ವಿಡ್ತ್ ಜಾಯ್ನರ್ ಕೂಡ ಇದೆ. ಕನ್ನಡದಲ್ಲಿ ರಕಾರ ಅರ್ಕಾವೊತ್ತಾಗದೆ ಮುಂದೆಯೇ ನಿಲ್ಲಬೇಕಾದರೆ ರ ಮತ್ತು ವಿರಾಮದ ನಡುವೆ ಅದು ಇರಲೇಬೇಕು. ಅಳಿಸಿದ್ದೇ ತಡ, ರ‍್ಯಾಂಕ್ ಹೋಗಿ ರ್ಯಾಂಕ್ ಆಯಿತು. ಯೂನಿಟ್ ಟೆಸ್ಟ್‌ಗಳೆಲ್ಲ ಅಕ್ಷರಮಾಲೆಯನ್ನು ನೇರ ಕೊಡುತ್ತಿದ್ದವು, ಫೈಲ್ ಓದುವ ದಾರಿಯಲ್ಲಿ ಹೋಗುತ್ತಲೇ ಇರಲಿಲ್ಲ. ಈಗ ಟೆಸ್ಟಿನ ಸಿಎಸ್‌ವಿ ಬಿಒಎಂ ಸಮೇತ ಇರುತ್ತದೆ, ಹೋಲಿಕೆ ನಡೆಯುವುದು ಕೋಡ್ ಪಾಯಿಂಟ್‌ಗಳಲ್ಲಿ. ಅದೇ ಪಟ್ಟಿಯಲ್ಲಿ ತುಳು ತಿಗಳಾರಿ ಲಿಪಿಯ ಒಂದು ಪದವನ್ನೂ ಸೇರಿಸಿದ್ದೇವೆ. 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿದ ಈ ಲಿಪಿಯ ಅಕ್ಷರಗಳು ಯೂನಿಕೋಡಿನ ಮೂಲ ತಳದ (ಮೊದಲ ಭಾಗ) ಆಚೆಗಿವೆ, ಡಾಟ್‌ನೆಟ್ ಒಂದೊಂದನ್ನೂ ಎರಡೆರಡಾಗಿ ಎಣಿಸುತ್ತದೆ. ನಮ್ಮ ಗ್ರಾಹಕರು ಯಾರೂ ಇನ್ನೂ ಕೇಳಿಲ್ಲ. ನನಗೆ ಆಸೆ, ಅದಕ್ಕೆ ಇಟ್ಟಿದ್ದೇನೆ.

ಫೇಲ್ ಆದಾಗ ಲಾಗ್ ಓದಿ ಏನೂ ಅರ್ಥ ಆಗುವುದಿಲ್ಲ.

ಪ್ರತಿ ಬಿಲ್ಡ್‌ಗೂ ಬಿಎಲ್ ಸ್ವಿಚ್ ಕೊಟ್ಟು ಬೈನರಿ ಲಾಗ್ ಬರೆಸಿ. ಟೆಸ್ಟ್ ಬಿದ್ದರೆ ಅದನ್ನು ಸಿಐನಲ್ಲಿ (ಕೋಡ್ ಸೇರಿದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಉಳಿಸಿಕೊಳ್ಳಿ. ಸ್ಟ್ರಕ್ಚರ್ಡ್ ಲಾಗ್ ವ್ಯೂವರ್‌ನಲ್ಲಿ ತೆರೆದರೆ ಯಾವ ಟಾರ್ಗೆಟ್ ಓಡಿತು, ಯಾವುದು ಯಾವ ಕಾರಣಕ್ಕೆ ಬಿಟ್ಟುಹೋಯಿತು, ಒಂದು ಪ್ರಾಪರ್ಟಿಗೆ ಕೊನೆಗೆ ಬಂದ ಬೆಲೆ ಏನು, ಎಲ್ಲ ಮರದ ಹಾಗೆ ಕಾಣುತ್ತದೆ. ಆದರೆ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳೂ ಅದರಲ್ಲಿ ದಾಖಲಾಗುತ್ತವೆ. ಪಾಸ್‌ವರ್ಡ್ ಇರುವ ಯಂತ್ರದ ಲಾಗನ್ನು ಹೊರಗಿನವರಿಗೆ ಕಳುಹಿಸಬೇಡಿ.

ಎರಡನೇ ಸಲ ಬಿಲ್ಡ್ ಮಾಡಿ ನೋಡಬೇಕು ಎನ್ನುತ್ತೀರಲ್ಲ, ಯಾಕೆ?

ಜನ ದಿನವಿಡೀ ಮಾಡುವುದು ಎರಡನೇ ಬಿಲ್ಡನ್ನೇ, ಮೊದಲನೆಯದು ವಾರಕ್ಕೊಮ್ಮೆ. ಟಾರ್ಗೆಟ್‌ಗೆ ಇನ್‌ಪುಟ್ಸ್, ಔಟ್‌ಪುಟ್ಸ್ ಬರೆದರೆ ಎಂಎಸ್‌ಬಿಲ್ಡ್ ಫೈಲ್‌ಗಳ ಸಮಯ ನೋಡಿ, ಬೇಡದ ಕೆಲಸ ಬಿಡುತ್ತದೆ. ಇದರಲ್ಲಿ ಒಂದು ಸೂಕ್ಷ್ಮ. ಟಾರ್ಗೆಟ್ ಬಿಟ್ಟುಹೋದಾಗಲೂ ಅದರೊಳಗಿನ ಐಟಂ ಗುಂಪುಗಳನ್ನು ಎಂಎಸ್‌ಬಿಲ್ಡ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಟಾಸ್ಕ್ ಕೊಡುವ ಔಟ್‌ಪುಟ್ ಐಟಂಗಳು ಮಾತ್ರ ಬರುವುದಿಲ್ಲ. ಟಾಸ್ಕ್ ವಾಪಸ್ ಕೊಟ್ಟ ಪಟ್ಟಿಯನ್ನೇ ಕಂಪೈಲರಿಗೆ ಸೇರಿಸುತ್ತಿದ್ದರೆ ಎರಡನೇ ಬಿಲ್ಡ್‌ನಲ್ಲಿ ಹುಟ್ಟಿಸಿದ ಕೋಡೇ ಮಾಯ.

ನಾವು ಮಾಡುವುದು ಇಷ್ಟು: ಬಿಲ್ಡ್, ಏನೂ ಮುಟ್ಟದೆ ಮತ್ತೆ ಬಿಲ್ಡ್, ಸಿಎಸ್‌ವಿಯಲ್ಲಿ ಒಂದು ಪದ ಬದಲಿಸಿ ಬಿಲ್ಡ್, ಒಂದು ಸಾಲು ಅಳಿಸಿ ಬಿಲ್ಡ್, ಕ್ಲೀನ್. ಎರಡನೆಯದರಲ್ಲಿ ಟಾರ್ಗೆಟ್ ಬಿಟ್ಟುಹೋಗಬೇಕು, ಮೂರನೆಯದರಲ್ಲಿ ಹೊಸ ಪದ ಕಾಣಬೇಕು, ನಾಲ್ಕನೆಯದರಲ್ಲಿ ಹಳೆಯದು ಉಳಿಯಬಾರದು. ಕ್ಲೀನ್ ಆದ ಮೇಲೆ ನಾವು ಹುಟ್ಟಿಸಿದ ಫೈಲ್ ಇರಕೂಡದು. ಅದಕ್ಕೆ ಫೈಲ್ ರೈಟ್ಸ್ ಪಟ್ಟಿಗೆ ಸೇರಿಸಬೇಕು, ಬಹಳ ಜನ ಮರೆಯುವುದು ಇದನ್ನೇ.

ಎರಡು ಫ್ರೇಮ್‌ವರ್ಕ್‌ಗಳಿಗೆ ಒಟ್ಟಿಗೆ ಬಿಲ್ಡ್ ಆಗುವ ಪ್ರಾಜೆಕ್ಟನ್ನೂ ಇದೇ ಸಾಲಿನಲ್ಲಿ ನಿಲ್ಲಿಸಿ. ಅಲ್ಲಿ ಒಳಗಿನ ಬಿಲ್ಡ್‌ಗಳು ಒಂದೇ ಹೊತ್ತಿಗೆ ಓಡಬಹುದು. ನೀವು ಒಬ್ಜ್ ಫೋಲ್ಡರಿನ ಬುಡದಲ್ಲಿ ಒಂದೇ ಫೈಲ್ ಬರೆಯುತ್ತಿದ್ದರೆ ಇಬ್ಬರೂ ಅದಕ್ಕೇ ಕೈ ಹಾಕುತ್ತಾರೆ. ಹತ್ತು ಸಲಕ್ಕೆ ಒಮ್ಮೆ ಬೀಳುವ, ಯಾರಿಗೂ ಸಿಗದ ಬಗ್ ಅದು. ಇಂಟರ್ಮೀಡಿಯೆಟ್ ಔಟ್‌ಪುಟ್ ಪಾತ್ ಬಳಸಿ, ಅದು ಫ್ರೇಮ್‌ವರ್ಕಿಗೊಂದು ಬೇರೆ ಇರುತ್ತದೆ.

ಫೇಲ್ ಆಗಬೇಕಾದ ಬಿಲ್ಡ್‌ಗೂ ಟೆಸ್ಟ್ ಬೇಕಾ?

ಬೇಕು. ಸಿಎಸ್‌ವಿಯಲ್ಲಿ ಒಂದೇ ಕೀಲಿಪದ ಎರಡು ಸಲ ಬಂದರೆ ಬಿಲ್ಡ್ ನಿಲ್ಲಬೇಕು, ದೋಷದಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರಬೇಕು. ಎಕ್ಸಿಟ್ ಕೋಡ್ ಸೊನ್ನೆ ಅಲ್ಲ ಎಂದಷ್ಟೇ ನೋಡಿದರೆ ಇಂಟರ್ನೆಟ್ ಇಲ್ಲದೆ ಬಿದ್ದರೂ ಟೆಸ್ಟ್ ಪಾಸ್ ಎನ್ನುತ್ತದೆ. ನಿಮ್ಮದೇ ದೋಷ ಸಂಕೇತವನ್ನು ಹುಡುಕಿ.

ಫೈಲಿನ ಹೆಸರು ಪ್ಯಾಕೇಜಿನ ಹೆಸರಿಗೆ ಹೊಂದದಿದ್ದರೆ?

ಇಂಪೋರ್ಟ್ ಆಗುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಪ್ಯಾಕ್ ಮಾಡುವಾಗ ಎನ್‌ಯು 5129 ಎಂಬ ಎಚ್ಚರಿಕೆ ಬರುತ್ತದೆ, ಅದನ್ನು ದೋಷವಾಗಿಸಿ. ಪ್ಯಾಕೇಜ್ ಫೈಲ್ ನಿಜಕ್ಕೂ ಒಂದು ಜಿಪ್, ಟೆಸ್ಟಿನಲ್ಲಿಯೇ ತೆರೆದು ಒಳಗಿನ ಪಟ್ಟಿ ನೋಡಬಹುದು.

ಕಮಾಂಡ್ ಲೈನ್‌ನಲ್ಲಿ ಎಲ್ಲ ಸರಿ, ವಿಶುವಲ್ ಸ್ಟುಡಿಯೋದಲ್ಲಿ ಬೀಳುತ್ತದೆ.

ಎರಡೂ ಬೇರೆ ಬೇರೆ ನೆಲ. ವಿಶುವಲ್ ಸ್ಟುಡಿಯೋದ ಎಂಎಸ್‌ಬಿಲ್ಡ್ ಓಡುವುದು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನ ಮೇಲೆ, ಡಾಟ್‌ನೆಟ್ ಬಿಲ್ಡ್ ಹೊಸ ಡಾಟ್‌ನೆಟ್‌ನ ಮೇಲೆ. ಟಾಸ್ಕನ್ನು ಡಾಟ್‌ನೆಟ್ 8ಕ್ಕೆ ಮಾತ್ರ ಕಟ್ಟಿದ್ದರೆ ಅಲ್ಲಿ ತೆರೆಯದೇ ಇದ್ದರೆ ಆಶ್ಚರ್ಯವಿಲ್ಲ. ನೆಟ್‌ಸ್ಟ್ಯಾಂಡರ್ಡ್ 2.0ಕ್ಕೆ ಕಟ್ಟುವುದು ಸುಲಭದ ದಾರಿ. ವಿಂಡೋಸ್ ಸಿಐ ಯಂತ್ರದಲ್ಲಿ ಅದೇ ಟೆಸ್ಟ್‌ಗಳನ್ನು ಎಂಎಸ್‌ಬಿಲ್ಡ್ ಇಎಕ್ಸ್‌ಇ ಮೂಲಕ ಇನ್ನೊಮ್ಮೆ ಓಡಿಸಿ.

ವಿಶುವಲ್ ಸ್ಟುಡಿಯೋ ನಿಮಗೆ ಹೇಳದೆ ಡಿಸೈನ್ ಟೈಮ್ ಬಿಲ್ಡ್ ಕೂಡ ಮಾಡುತ್ತಿರುತ್ತದೆ, ಕೋಡ್ ಬರೆಯುವಾಗ ಸಲಹೆ ಕೊಡಲಿಕ್ಕೆ. ನಿಮ್ಮ ಟಾರ್ಗೆಟ್ ಅಲ್ಲಿ ಐದು ಸೆಕೆಂಡು ತೆಗೆದುಕೊಂಡರೆ ಎಡಿಟರ್ ಎಳೆಯುತ್ತದೆ, ಬೈಗುಳ ನಿಮಗೇ. ಡಿಸೈನ್ ಟೈಮ್ ಬಿಲ್ಡ್ ಎಂಬ ಪ್ರಾಪರ್ಟಿಯನ್ನು ಟ್ರೂ ಮಾಡಿ, ಕಂಪೈಲರ್ ಓಡಿಸದಂತೆ ಹೇಳಿ, ಕಂಪೈಲ್ ಟಾರ್ಗೆಟ್ ಕರೆದರೆ ಅದನ್ನು ಸುಮಾರಾಗಿ ಟೆಸ್ಟಿನಲ್ಲಿ ಅನುಕರಿಸಬಹುದು.

ವಿಂಡೋಸ್‌ನಲ್ಲಿ ಟೆಂಪ್ ಫೋಲ್ಡರ್ ಅಳಿಸಲು ಬಿಡುವುದಿಲ್ಲ.

ಎಂಎಸ್‌ಬಿಲ್ಡ್‌ನ ಕೆಲಸದ ನೋಡ್‌ಗಳು ಬಿಲ್ಡ್ ಮುಗಿದರೂ ಮುಂದಿನದಕ್ಕೆಂದು ಬದುಕಿರುತ್ತವೆ, ನಿಮ್ಮ ಟಾಸ್ಕಿನ ಡಿಎಲ್‌ಎಲ್ ಅವುಗಳ ಕೈಯಲ್ಲಿರುತ್ತದೆ. ನೋಡ್ ರೀಯೂಸ್ ಫಾಲ್ಸ್ ಕೊಡಿ.

ಪ್ಯಾಕೇಜನ್ನು ನೇರ ಸೇರಿಸದವರಿಗೂ ಅದು ಹೋಗಿ ತಾಗುತ್ತದಾ?

ನೀವು ಬಯಸಿದರೆ. ಬಿಲ್ಡ್ ಟ್ರಾನ್ಸಿಟಿವ್ ಎಂಬ ಫೋಲ್ಡರಿನಲ್ಲಿ ಇಟ್ಟದ್ದು ನಿಮ್ಮನ್ನು ಬಳಸುವವರನ್ನು ಬಳಸುವವರಿಗೂ ಹರಿಯುತ್ತದೆ, ನ್ಯೂಗೆಟ್ 5.0ರಿಂದ ಇದು ಉಂಟು. ಬಯಸದಿದ್ದರೆ ಡೆವಲಪ್‌ಮೆಂಟ್ ಡಿಪೆಂಡೆನ್ಸಿ ಎಂದು ಗುರುತು ಹಾಕಿ. ಎರಡರಲ್ಲಿ ಯಾವುದೇ ಇರಲಿ, ಮೂರು ಪ್ರಾಜೆಕ್ಟ್‌ಗಳ ಸರಪಳಿ ಕಟ್ಟಿ ಒಂದು ಟೆಸ್ಟ್ ಬರೆಯಿರಿ.

ನಾವು ಜಾವಾದವರು. ನಮಗೆ?

ನಿಮಗೆ ಹೊಟ್ಟೆಕಿಚ್ಚು ಬರುವಷ್ಟು ಸೌಲಭ್ಯ ಉಂಟು. ಗ್ರೇಡಲ್‌ನಲ್ಲಿ ಟೆಸ್ಟ್‌ಕಿಟ್ ಜೊತೆಗೇ ಬರುತ್ತದೆ. ಗ್ರೇಡಲ್ ರನ್ನರ್‌ಗೆ ಒಂದು ಟೆಂಪ್ ಫೋಲ್ಡರ್ ತೋರಿಸಿ ಟಾಸ್ಕ್ ಹೆಸರು ಕೊಟ್ಟರೆ ನಿಜವಾದ ಬಿಲ್ಡ್ ಓಡಿಸಿ, ಪ್ರತಿ ಟಾಸ್ಕ್‌ನ ಫಲ ಸಕ್ಸೆಸ್ಸೋ, ಅಪ್ ಟು ಡೇಟೋ, ಫ್ರಮ್ ಕ್ಯಾಶೋ ಎಂದು ಹೇಳುತ್ತದೆ. ಬೀಳಬೇಕಾದ ಬಿಲ್ಡ್‌ಗೆ ಬಿಲ್ಡ್ ಆಂಡ್ ಫೇಲ್ ಎಂಬ ಮೆಥಡ್ಡೇ ಉಂಟು. ಗ್ರೇಡಲ್ ಆವೃತ್ತಿಯನ್ನೂ ಟೆಸ್ಟಿನಲ್ಲಿ ಬದಲಿಸಬಹುದು. ಆದರೆ ವಿತ್ ಪ್ಲಗಿನ್ ಕ್ಲಾಸ್‌ಪಾತ್ ಎಂಬುದು ಮೇಲೆ ಹೇಳಿದ ಪ್ರಾಜೆಕ್ಟ್ ರೆಫರೆನ್ಸ್‌ನ ತಮ್ಮ. ಪ್ರಕಟವಾಗುವ ಜಾರ್ ಮತ್ತು ಅದರ ಪಾಮ್ ಸರಿ ಉಂಟಾ ಎಂದು ಅದು ನೋಡುವುದಿಲ್ಲ. ಒಂದೆರಡು ಟೆಸ್ಟ್‌ಗಳಾದರೂ ಲೋಕಲ್ ಮೇವೆನ್ ರೆಪೋಗೆ ಪ್ರಕಟಿಸಿ ಅಲ್ಲಿಂದ ತೆಗೆದುಕೊಳ್ಳಲಿ. ಕಾನ್ಫಿಗರೇಷನ್ ಕ್ಯಾಶ್ ಸ್ವಿಚ್ ಹಾಕಿಯೂ ಓಡಿಸಿ.

ಮೇವೆನ್‌ನವರಿಗೆ ಇನ್‌ವೋಕರ್ ಪ್ಲಗಿನ್. ಎಸ್‌ಆರ್‌ಸಿ ಒಳಗೆ ಐಟಿ ಎಂಬ ಫೋಲ್ಡರಿನಲ್ಲಿ ಸಣ್ಣ ಪ್ರಾಜೆಕ್ಟ್‌ಗಳನ್ನು ಇಟ್ಟು, ಪ್ರತಿಯೊಂದರಲ್ಲಿ ವೆರಿಫೈ ಗ್ರೂವಿ ಎಂಬ ಪರೀಕ್ಷಾ ಸ್ಕ್ರಿಪ್ಟ್ ಬರೆಯುವುದು. ಲೋಕಲ್ ರೆಪೊಸಿಟರಿ ಪಾತ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಪರೀಕ್ಷೆಯ ಪ್ಲಗಿನ್ ನಿಮ್ಮ ಸ್ವಂತ ರೆಪೋಗೆ ಹೋಗಿ ಕೂರುತ್ತದೆ.

ಎನ್‌ಪಿಎಂ, ಪೈಥಾನ್?

ಎನ್‌ಪಿಎಂ ಲಿಂಕ್ ಬೇಡ, ಎನ್‌ಪಿಎಂ ಪ್ಯಾಕ್ ಮಾಡಿ ಆ ಕಡತವನ್ನು ಇನ್‌ಸ್ಟಾಲ್ ಮಾಡಿ. ಫೈಲ್ಸ್ ಪಟ್ಟಿಯಲ್ಲಿ ಮರೆತ ಕಿರೀಟ ಆಗ ಮಾತ್ರ ಗೊತ್ತಾಗುತ್ತದೆ. ಪೈಥಾನ್‌ನಲ್ಲಿ ಬಿಲ್ಡ್ ಬ್ಯಾಕೆಂಡ್ ಬರೆಯುವವರು ಎಸ್‌ಡಿಸ್ಟ್ ಮಾಡಿ, ಆ ಎಸ್‌ಡಿಸ್ಟ್‌ನಿಂದಲೇ ವೀಲ್ ಕಟ್ಟಿ ನೋಡಿ.

ಟೆಸ್ಟ್‌ಗಳು ತುಂಬ ನಿಧಾನ. ಮಳೆಗಾಲದಲ್ಲಂತೂ ಓಡುವುದೇ ಇಲ್ಲ.

ಒಂದೊಂದು ಟೆಸ್ಟ್ ಒಂದೊಂದು ನಿಜವಾದ ಬಿಲ್ಡ್, ಸೆಕೆಂಡುಗಳಲ್ಲೇ ಎಣಿಸಬೇಕು. ಹಾಗಾಗಿ ಪ್ಯಾಕ್ ಮಾಡುವುದು ಇಡೀ ಓಟಕ್ಕೆ ಒಂದೇ ಸಲ. ಸಿಎಸ್‌ವಿಯ ನೂರು ತರಲೆಗಳು ಯೂನಿಟ್ ಟೆಸ್ಟ್‌ನಲ್ಲಿ, ಇಲ್ಲಿ ಬಿಲ್ಡ್‌ಗೆ ಸಂಬಂಧಿಸಿದವು ಮಾತ್ರ. ನಮ್ಮಲ್ಲಿ ಒಟ್ಟು ಇಪ್ಪತ್ತಾರು ಉಂಟು, ಅದಕ್ಕಿಂತ ಹೆಚ್ಚಿಸಲು ನಾನು ಬಿಡುವುದಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದರೆ, ಕೇಬಲ್ ಮೇಲೆ ಮರದ ಗೆಲ್ಲು ಬಿದ್ದು ಅರ್ಧ ದಿನ ನೆಟ್ ಇಲ್ಲದಿರುವುದು ನಮಗೆ ಹೊಸತಲ್ಲ. ಟೆಸ್ಟಿನ ಪ್ರಾಜೆಕ್ಟ್ ಬೇರೆ ಪ್ಯಾಕೇಜ್‌ಗಳನ್ನು ನಂಬದಿರಲಿ, ಎಸ್‌ಡಿಕೆಯ ಆವೃತ್ತಿಗೆ ಸರಿಹೊಂದುವ ಫ್ರೇಮ್‌ವರ್ಕನ್ನೇ ಬಳಸಲಿ. ಆಗ ಹೊರಗಿನಿಂದ ಇಳಿಸಿಕೊಳ್ಳುವ ಪ್ರಮೇಯ ಬಹುತೇಕ ಇಲ್ಲ. ಡಾಟ್‌ನೆಟ್ 8ರ ಎಸ್‌ಡಿಕೆಯಲ್ಲಿ 6ಕ್ಕೆ ಬಿಲ್ಡ್ ಮಾಡ ಹೊರಟರೆ ಮಾತ್ರ ರೆಫರೆನ್ಸ್ ಪ್ಯಾಕ್ ತರಬೇಕಾಗುತ್ತದೆ, ಅಂಥವನ್ನು ಒಮ್ಮೆ ತಂದು ಲೋಕಲ್ ಫೋಲ್ಡರಿನಲ್ಲಿ ಇಟ್ಟಿದ್ದೇವೆ.

ಇಷ್ಟೆಲ್ಲ ಮಾಡಿದ ಮೇಲೂ ಬಗ್ ಬಂದದ್ದುಂಟಾ?

ಬಾರದೆ ಏನು! ಕಳೆದ ವರ್ಷ ಮಣಿಪಾಲದಲ್ಲಿ ಒಬ್ಬರ ಯಂತ್ರದಲ್ಲಿ ಮಾತ್ರ ಬಿಲ್ಡ್ ಬೀಳುತ್ತಿತ್ತು. ನಾವು ಫೋನಿನಲ್ಲೇ ಗಂಟೆಗಟ್ಟಲೆ ಹುಡುಕಿದ ಮೇಲೆ ತಿಳಿದದ್ದು, ಅವರ ವಿಂಡೋಸ್ ಬಳಕೆದಾರ ಹೆಸರಿನ ನಡುವೆ ಒಂದು ಖಾಲಿ ಜಾಗ. ನಮ್ಮ ಟಾರ್ಗೆಟ್ ಒಂದು ಹೊರಗಿನ ಪ್ರೋಗ್ರಾಮನ್ನು ಎಕ್ಸೆಕ್ ಎಂಬ ಟಾಸ್ಕ್ ಮೂಲಕ ಕರೆಯುತ್ತಿತ್ತು, ದಾರಿಯ ಸುತ್ತ ಉದ್ಧರಣ ಚಿಹ್ನೆ ಇರಲಿಲ್ಲ. ಇಪ್ಪತ್ತಾರು ಟೆಸ್ಟ್‌ಗಳೂ ಖಾಲಿ ಜಾಗ ಇಲ್ಲದ ಟೆಂಪ್ ದಾರಿಯಲ್ಲಿ ಓಡುತ್ತಿದ್ದವು.

ಅಂದಿನಿಂದ ಟೆಸ್ಟ್‌ಗಳ ಬುಡದ ಫೋಲ್ಡರಿಗೆ “ಹೊಸ ಮನೆ ಲೆಕ್ಕ” ಎಂದು ಹೆಸರು, ಕನ್ನಡದಲ್ಲೇ, ನಡುವೆ ಎರಡು ಖಾಲಿ ಜಾಗ. ಸ್ಕ್ರಿಪ್ಟ್‌ನಲ್ಲಿ ಕಂಡರೆ ಯಾರೋ ತಮಾಷೆಗೆ ಇಟ್ಟದ್ದೆಂದು ಸರಿಪಡಿಸಲು ಹೋಗಬೇಡಿ ಮಾರಾಯ್ರೆ. ಈಗಾಗಲೇ ಇಬ್ಬರು ಹೋಗಿದ್ದಾರೆ.